ಸವರ್‌ಡೋ ಎಂಬ ಹುಳಿಹಿಟ್ಟು

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಳ್ಳೆಯ ಬ್ರೆಡ್ಡು ಎಲ್ಲಿ ಸಿಗುತ್ತದೆ ಎಂದು ಕೇಳಿಕೊಂಡು ಹೊರಟವರಿಗೆ ಬೀದಿಬೀದಿಗೂ ಎದುರಾಗುವ ಪದ ಸವರ್‌ಡೋ. ಫಿಶರ್‌ಮನ್ಸ್ ವಾರ್ಫಿನಲ್ಲಿ ತಿರುಳು ಕೊರೆದು ಕ್ಲ್ಯಾಮ್ ಚೌಡರ್ ಎಂಬ ಚಿಪ್ಪುಮೀನಿನ ಗಟ್ಟಿಸಾರು ತುಂಬಿಸಿಕೊಡುವ ಗುಂಡನೆಯ ಬ್ರೆಡ್ಡಿನ ಬಟ್ಟಲಿಗೂ ಅದೇ ಹೆಸರು. ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಚೀಲದೊಳಗೆ ಹೋಳುಹೋಳಾಗಿ ಕುಳಿತ ಮೆತ್ತನೆಯ ಬ್ರೆಡ್ಡಿಗೂ ಅದೇ ಹೆಸರು. ಊರಿನ ಫುಟ್‌ಬಾಲ್ ತಂಡವಾದ ಫಾರ್ಟಿನೈನರ್ಸ್ ಆಡುವಾಗ ಗಣಿಗಾರನ ವೇಷ ತೊಟ್ಟು ಮೈದಾನದಂಚಿನಲ್ಲಿ ಕುಣಿಯುವ ಸವರ್‌ಡೋ ಸ್ಯಾಮ್‌ಗೂ ಅದೇ ಹೆಸರು. ಬ್ರೆಡ್ಡಿಗೆ ಸಲ್ಲುವ ಪದ ಬ್ರೆಡ್ಡನ್ನು ಉಬ್ಬಿಸುವ ಹಿಟ್ಟಿಗೂ ಸಲ್ಲುತ್ತದೆ, ಒಂದು ರುಚಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಪದಗಳ ಬೆನ್ನು ಹತ್ತುವ ನಮ್ಮಂಥವರ ಕಾಲು ಇಂಥ ಕಡೆ ತಾನಾಗಿ ನಿಲ್ಲುತ್ತದೆ. ಗಟ್ಟಿ ಹೊರಮೈಯ ಯುರೋಪಿನ ಬ್ರೆಡ್ಡನ್ನು ಅಮೆರಿಕದ ಈ ಊರಿನಲ್ಲಿ ಹುಡುಕುವುದಕ್ಕೂ ಈ ಪದ ನಡೆದು ಬಂದ ದಾರಿಯನ್ನು ಹುಡುಕುವುದಕ್ಕೂ ಹತ್ತಿರದ ನಂಟಿದೆ ಎಂದು ನಾನು ನಂಬಿದ್ದೇನೆ. ಪದದ ಹಳೆಯ ಅರ್ಥ ಗೊತ್ತಿದ್ದವರಿಗೆ ಸರಿಯಾದ ಅಂಗಡಿ ಬೇಗ ಸಿಗುತ್ತದೆ.

ಪದವನ್ನು ಬಿಡಿಸಿಕೊಳ್ಳೋಣ. ಸವರ್ ಎಂದರೆ ಹುಳಿ. ಜರ್ಮನ್ನಿನ ಸೌವರ್, ಡಚ್ಚರ ಜ್ಯೂರ್ ಇದರ ಒಡಹುಟ್ಟು. ಡೋ ಎಂದರೆ ನಾದಿದ ಹಿಟ್ಟು, ಹೋಳಿಗೆ ಮಾಡುವವರ ಮಾತಿನಲ್ಲಿ ಕಣಕ. ಈ ಡೋ ಎಂಬ ಪುಟ್ಟ ಪದದ ಬೇರು ನಾವು ನೆನೆಸುವುದಕ್ಕಿಂತ ಆಳಕ್ಕೆ ಹೋಗುತ್ತದೆ. ಜರ್ಮನ್ನಿನಲ್ಲಿ ಅದು ಟೈಗ್, ಗಾಥಿಕ್ಕಿನಲ್ಲಿ ದೈಗ್ಸ್. ಇವೆಲ್ಲಕ್ಕೂ ಮೂಲವೆಂದು ಭಾಷಾವಿಜ್ಞಾನಿಗಳು ಕಟ್ಟಿಕೊಂಡಿರುವ ಇಂಡೋ-ಯುರೋಪಿಯನ್ ಧಾತುವಿನ ಅರ್ಥ ಹಸಿಮಣ್ಣನ್ನೋ ಹಿಟ್ಟನ್ನೋ ಕೈಯಿಂದ ಮಿದ್ದು ಆಕಾರ ಕೊಡುವುದು. ಸಂಸ್ಕೃತದಲ್ಲಿ ಅದೇ ಧಾತು ದಿಹ್ ಆಗಿ, ಬಳಿ, ಮೆತ್ತು, ಲೇಪಿಸು ಎಂಬ ಅರ್ಥಗಳನ್ನು ಹೊತ್ತು ನಿಂತಿದೆ. ವಿಷದಿಗ್ಧ ಬಾಣ ಎಂದಾಗ ವಿಷ ಬಳಿದ ಬಾಣ. ಋಗ್ವೇದದ ದೇಹೀ ಎಂದರೆ ಮಣ್ಣು ಮೆತ್ತಿ ಎಬ್ಬಿಸಿದ ದಿಬ್ಬ, ಕೋಟೆಯ ಒಡ್ಡು. ನಾವು ದಿನಕ್ಕೆ ಹತ್ತು ಸಲ ಆಡುವ ದೇಹ, ಮಿದ್ದು ಮಾಡಿದ ಈ ಆಕಾರ, ಅದೇ ದಿಹ್‌ನ ಮಗು. ಎರಡು ಸಂಗತಿಗಳು ಒಂದಕ್ಕೊಂದು ಮೆತ್ತಿಕೊಂಡು ಯಾವುದು ಯಾವುದೆಂದು ತಿಳಿಯದೆ ಹೋದಾಗ ಹುಟ್ಟುವ ಸಂದೇಹವೂ ಅದರದೇ. ಪಡುವಣಕ್ಕೆ ನಡೆದರೆ ಗ್ರೀಕರ ಗೋಡೆ ತೈಖೋಸ್, ಸುತ್ತ ಗೋಡೆ ಕಟ್ಟಿದ ಇರಾನೀ ತೋಟವಾದ ಪೈರಿದೈಜ, ಅದರಿಂದ ಪ್ಯಾರಡೈಸ್. ಲ್ಯಾಟಿನ್ನಿನ ಫಿಂಗೆರೆ, ಅದರಿಂದ ಫಿಗರ್, ಫಿಕ್ಷನ್. ಹಳೆಯ ಇಂಗ್ಲಿಷಿನಲ್ಲಿ ಬ್ರೆಡ್ಡಿಗೆ ಹ್ಲಾಫ್ ಎನ್ನುತ್ತಿದ್ದರು, ಇಂದಿನ ಲೋಫ್. ಆ ಹ್ಲಾಫನ್ನು ಕಾಯುವವನು ಹ್ಲಾಫ್‌ವೆಯರ್ಡ್, ಸವೆದು ಲಾರ್ಡ್. ಅದಕ್ಕೆ ಹಿಟ್ಟು ನಾದುವವಳು ಹ್ಲಾಫ್‌ದಿಯೆ, ಸವೆದು ಲೇಡಿ. ಆ ಲೇಡಿಯ ಬಾಲದಲ್ಲಿ ಅಡಗಿರುವುದೂ ಇದೇ ಡೋ. ಬೇಕರಿಯ ಹಲಗೆಯ ಮೇಲೆ ಒದ್ದೆ ಹಿಟ್ಟನ್ನು ಮಡಚಿ ಮಡಚಿ ಗುಂಡಗೆ ಮಾಡುವ ಕೈಗಳನ್ನು ನೋಡುವಾಗ ನನಗೆ ದೇಹ ಎಂಬ ಪದದ ಮೊದಲ ಅರ್ಥ ಕಣ್ಣೆದುರಿಗೆ ಬರುತ್ತದೆ.

ಈಗ ಎರಡೂ ಸೇರಿದ ಪದ. ಇಂದು ಸವರ್‌ಡೋ ಎಂದರೆ ಎಲ್ಲರಿಗೂ ಒಂದು ಬಗೆಯ ಬ್ರೆಡ್ಡು. ಆದರೆ ಇಂಗ್ಲಿಷಿನಲ್ಲಿ ಈ ಪದ ಮೊದಲು ಕಣ್ಣುಬಿಟ್ಟದ್ದು ಬ್ರೆಡ್ಡಿನ ಹೆಸರಾಗಿ ಅಲ್ಲ, ಬ್ರೆಡ್ಡನ್ನು ಹುದುಗಿಸುವ ಸಾಧನದ ಹೆಸರಾಗಿ. 14ನೆಯ ಶತಮಾನದ ಕೊನೆಯಲ್ಲಿ ವಿಕ್ಲಿಫ್‌ನ ಹೆಸರಿನಲ್ಲಿ ನಡೆಯುವ ಬೈಬಲ್ ಅನುವಾದದಲ್ಲಿ, ಹೆಂಗಸೊಬ್ಬಳು ಮೂರಳತೆ ಹಿಟ್ಟಿನೊಳಗೆ ಅಡಗಿಸಿಟ್ಟ ಹುಳಿಯ ಸಾಮತಿಯಲ್ಲಿ, ಹುಳಿ ಎಂಬಲ್ಲಿ ಬಂದಿರುವುದು ಸವರ್‌ಡೋ. ಜರ್ಮನ್ನಿನಲ್ಲಿ ಲೂಥರ್ ಅದೇ ಜಾಗದಲ್ಲಿ ಸೌವರ್‌ಟೈಗ್ ಎಂದ. 1526ರಲ್ಲಿ ಇನ್ನೊಬ್ಬ ಬೈಬಲ್ ಅನುವಾದಕ ಟಿಂಡೇಲ್ ಬಂದು ಸವರ್‌ಡೋವನ್ನು ತೆಗೆದು ಫ್ರೆಂಚಿನಿಂದ ಬಂದ ಲೆವನ್ ಎಂಬುದನ್ನು ಕೂರಿಸಿದ. ಮುಂದಿನ ಇಂಗ್ಲಿಷ್ ಬೈಬಲ್ಲುಗಳು ಲೆವನ್ನನ್ನೇ ಹಿಡಿದು ನಡೆದವು. ಅಚ್ಚ ಜರ್ಮಾನಿಕ್ ಪದ ಹಿಂದಿನ ಸಾಲಿಗೆ ಸರಿಯಿತು.

ಕನ್ನಡದ ಬೈಬಲ್ ತೆರೆದು ನೋಡಿದರೆ ಅಲ್ಲಿರುವುದು ಹುಳಿಹಿಟ್ಟು. ಪಾಸ್ಕಕ್ಕೆ ಹೊಂದಿದ ಹಬ್ಬ ಹುಳಿಯಿಲ್ಲದ ರೊಟ್ಟಿಗಳ ಹಬ್ಬ. ಟಿಂಡೇಲ್ ಕೈಬಿಟ್ಟ ಪದಜೋಡಣೆಯೇ ತುಂಗಭದ್ರೆಯ ಸೀಮೆಯ ಭಾಷೆಯಲ್ಲಿ ತನ್ನಷ್ಟಕ್ಕೆ ಹುಟ್ಟಿ ನಿಂತಿರುವುದನ್ನು ನೋಡಿ ಸಂತೋಷಪಡದ ಪದಪ್ರಿಯರು ನಮ್ಮಲ್ಲಿ ಯಾರಿದ್ದಾರೆ? ಕನ್ನಡಕ್ಕೆ ಇನ್ನೊಂದು ಭಾಗ್ಯವೂ ಇದೆ. ಹುದುಗು ಎಂದರೆ ಅಡಗು, ಬಚ್ಚಿಟ್ಟುಕೋ. ದೋಸೆಹಿಟ್ಟು ಹುದುಗು ಬಂದಿದೆ ಎಂದರೆ ಉಬ್ಬಿ ಹುಳಿಯೇರಿದೆ. ಆ ಸಾಮತಿಯ ಹೆಂಗಸು ಹುಳಿಯನ್ನು ಹಿಟ್ಟಿನಲ್ಲಿ ಹುದುಗಿಸಿದಳು ಎಂದು ನಾವು ಹೇಳಿದರೆ ಬಚ್ಚಿಟ್ಟದ್ದೂ ಹುದುಗು ಬರಿಸಿದ್ದೂ ಒಂದೇ ಉಸಿರಿನಲ್ಲಿ ಮುಗಿಯುತ್ತದೆ.

ಹುಳಿಯ ಬಗ್ಗೆಯೂ ಒಂದೆರಡು ಮಾತು. ಹಳಗನ್ನಡದಲ್ಲಿ ಪುಳಿ, ತಮಿಳು ಮಲಯಾಳಗಳಲ್ಲಿ ಇಂದಿಗೂ ಪುಳಿ, ತೆಲುಗಿನಲ್ಲಿ ಪುಲಿ. ಪಕಾರ ಹಕಾರವಾದ ಕಾಲದಲ್ಲಿ ಪಾಲು ಹಾಲಾದಂತೆ ಪುಳಿ ಹುಳಿಯಾಯಿತು. ಪುಳಿಯೋಗರೆಯೊಂದು ಮಾತ್ರ ಹಳೆಯ ಪಕಾರವನ್ನು ಉಳಿಸಿಕೊಂಡು ಎಲೆಯ ಮೇಲೆ ಹುಳಿಯನ್ನದ ಪಕ್ಕದಲ್ಲೇ ಕೂರುತ್ತದೆ. ನಮ್ಮ ಹುಳಿ ರುಚಿಯೂ ಹೌದು, ಬೇಳೆ ಹುಳಿ, ಮೊಸರು ಹುಳಿ ಎಂಬಲ್ಲಿ ಅಡುಗೆಯೂ ಹೌದು, ಹುಳಿತೇಗು ಎಂಬಲ್ಲಿ ಹೊಟ್ಟೆಯ ಗೋಳೂ ಹೌದು, ಹುಳಿ ಹಿಂಡುವುದು ಎಂಬಲ್ಲಿ ಕೆಡುಕೂ ಹೌದು. ಹಿಟ್ಟು ಹುಳಿ ಬಂತು ಎಂಬ ಮಾತಿನಲ್ಲಿ ಒಂದು ಹದದವರೆಗೆ ಮೆಚ್ಚುಗೆಯಿದೆ, ಹದ ದಾಟಿದರೆ ದೂರಿದೆ. ಈ ಹದದ ಪ್ರಶ್ನೆಯೇ ಸ್ಯಾನ್ ಫ್ರಾನ್ಸಿಸ್ಕೋದ ಬೇಕರಿಗಳನ್ನು ಎರಡು ಬಣವಾಗಿ ಒಡೆದದ್ದು. ಅದಕ್ಕೆ ಆಮೇಲೆ ಬರೋಣ.

ಟಿಂಡೇಲ್ ಒಳಗೆ ಕರೆದ ಲೆವನ್ನೂ ನಮಗೆ ಪರಕೀಯವಲ್ಲ. ಫ್ರೆಂಚರು ಲೆವ್ಯಾಂ ಎನ್ನುವುದು ಲ್ಯಾಟಿನ್ನಿನ ಲೆವಾರೆ, ಎಂದರೆ ಮೇಲೆತ್ತು ಎಂಬುದರಿಂದ. ಅದು ಲೆವಿಸ್, ಎಂದರೆ ಹಗುರ ಎಂಬುದರಿಂದ. ಆ ಲೆವಿಸ್ ಮತ್ತು ಸಂಸ್ಕೃತದ ಲಘು ಒಂದೇ ತಾಯಿಯ ಮಕ್ಕಳು. ಹಿಟ್ಟನ್ನು ಲಘುವಾಗಿಸುವುದು ಲೆವ್ಯಾಂ. ಯೀಸ್ಟಿನ ಬೇರೂ ಹೀಗೇ: ಕುದಿ, ನೊರೆಯುಕ್ಕು ಎಂಬ ಅರ್ಥದ ಧಾತು, ಸಂಸ್ಕೃತದಲ್ಲಿ ಅದು ಯಸ್, ನೊರೆಗಟ್ಟು ಎಂಬುದರಿಂದ ಶ್ರಮಪಡು ಎಂಬಲ್ಲಿಗೆ ಜಾರಿ, ಆಯಾಸ ಪ್ರಯಾಸಗಳಾಗಿ ನಮ್ಮ ನಾಲಿಗೆಗೆ ಬಂದಿದೆ. ಸಂಸ್ಕೃತಕ್ಕೆ ಹುದುಗಿಸುವ ವಸ್ತುವಿಗೆಂದೇ ಇದ್ದ ಪದ ಕಿಣ್ವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಅಧ್ಯಾಯ ಕಿಣ್ವದ ಅಳತೆಗಳನ್ನು ಹೇಳುತ್ತದೆ. ಜಡಭೂತಗಳು ಕೂಡಿದಾಗ ಚೈತನ್ಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಚಾರ್ವಾಕರು ಕೊಡುತ್ತಿದ್ದರೆಂಬ ದೃಷ್ಟಾಂತವೂ ಕಿಣ್ವಾದಿಗಳು ಕೂಡಿದಾಗ ಮದಶಕ್ತಿ ಹುಟ್ಟುವುದರದ್ದು. ಆ ಕಿಣ್ವ ಈಗ ಕನ್ನಡದ ಶಾಲಾಪುಸ್ತಕದಲ್ಲಿ ಎನ್ಜೈಮ್‌ಗೆ ಹೆಸರು. ಎನ್ಜೈಮ್ ಎಂಬುದನ್ನು 1870ರ ದಶಕದಲ್ಲಿ ಟಂಕಿಸಿದ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಗ್ರೀಕಿನ ಜ್ಯೂಮೆ, ಎಂದರೆ ಹುಳಿಹಿಟ್ಟು ಎಂಬುದನ್ನೇ ಹಿಡಿದು ಹುಳಿಹಿಟ್ಟಿನೊಳಗಿನದು ಎಂದು ಕಟ್ಟಿದ್ದ. ಕನ್ನಡದ ಪಾರಿಭಾಷಿಕ ಪದ ಕಟ್ಟಿದವರು ಇದನ್ನು ಅರಿತೇ ಕಿಣ್ವವನ್ನು ಆರಿಸಿದರೋ, ಕೈಗೆ ಸಿಕ್ಕಿತೋ, ಅಂತೂ ಇಷ್ಟು ಹೊಂದುವ ಜೋಡಿ ಪರಿಭಾಷೆಯಲ್ಲಿ ಅಪರೂಪ.

ಹಿಂದಿನ ಸಾಲಿಗೆ ಸರಿದಿದ್ದ ಸವರ್‌ಡೋಗೆ ಮರುಜೀವ ಬಂದದ್ದು ಅಮೆರಿಕದ ಪಡುವಣ ಕರಾವಳಿಯಲ್ಲಿ, ಚಿನ್ನದ ಹುಚ್ಚಿನ ನಡುವೆ. 1848ರಲ್ಲಿ ಕ್ಯಾಲಿಫೋರ್ನಿಯಾದ ಹೊಳೆಯಲ್ಲಿ ಚಿನ್ನ ಕಂಡಿತು. 1849ರಲ್ಲಿ ಜನ ನುಗ್ಗಿ ಬಂದರು, ಅದರಿಂದಲೇ ಅವರು ಫಾರ್ಟಿನೈನರ್ಸ್. ಬೇಕರಿಯಿಲ್ಲದ ಬೆಟ್ಟಗಾಡಿನಲ್ಲಿ ಅಂಗಡಿಯ ಯೀಸ್ಟು ಎಲ್ಲಿಂದ ಬರಬೇಕು? ಹಿಂದಿನ ದಿನದ ಹಿಟ್ಟಿನ ಒಂದು ಮುದ್ದೆಯನ್ನು ಉಳಿಸಿಕೊಂಡು, ಅದಕ್ಕೆ ಹಿಟ್ಟು ನೀರು ಉಣಿಸಿ, ಅದರಿಂದಲೇ ಇಂದಿನದನ್ನು ಹುದುಗಿಸುವುದು. ಅರ್ಧ ಶತಮಾನದ ಬಳಿಕ, 1896ರಲ್ಲಿ, ಕೆನಡಾದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕಾಗ ಅದೇ ಮುದ್ದೆ ಉತ್ತರದ ಹಿಮಕ್ಕೆ ಹೋಯಿತು. ಚಳಿಗೆ ಸಾಯದಿರಲೆಂದು ಗಣಿಗಾರರು ಅದನ್ನು ಮೈಗೆ ಅವುಚಿಕೊಂಡು ಮಲಗುತ್ತಿದ್ದರೆಂದು ಹೇಳುತ್ತಾರೆ. ಹಿಟ್ಟು ಹೊತ್ತವನಿಗೇ ಹಿಟ್ಟಿನ ಹೆಸರು ಬಂದದ್ದು ಅಲ್ಲಿ. ಉತ್ತರದ ಒಂದು ಚಳಿಗಾಲವನ್ನು ಪೂರ್ತಿ ಕಳೆದ ಹಳಬ ಸವರ್‌ಡೋ. ನಿನ್ನೆ ಮೊನ್ನೆ ಹಡಗಿಳಿದವನು ಚೀಚಾಕೊ, ಎಂದರೆ ಆ ಕರಾವಳಿಯ ವ್ಯಾಪಾರದ ಬೆರಕೆ ಭಾಷೆಯಾದ ಚಿನೂಕ್ ಜಾರ್ಗನ್ನಿನಲ್ಲಿ ಹೊಸದಾಗಿ ಬಂದವನು. 1907ರಲ್ಲಿ ರಾಬರ್ಟ್ ಸರ್ವಿಸ್ ತನ್ನ ಯೂಕಾನ್ ಕವಿತೆಗಳ ಸಂಕಲನಕ್ಕೆ ಸಾಂಗ್ಸ್ ಆಫ್ ಎ ಸವರ್‌ಡೋ ಎಂದು ಹೆಸರಿಟ್ಟಾಗ ಓದುಗರು ಬ್ರೆಡ್ಡನ್ನು ನೆನೆಯಲಿಲ್ಲ, ಮನುಷ್ಯನನ್ನು ನೆನೆದರು. ಅಲಾಸ್ಕಾದಲ್ಲಿ ಈ ಅರ್ಥ ಈಗಲೂ ನಡೆಯುತ್ತದೆ. ಫುಟ್‌ಬಾಲ್ ಮೈದಾನದ ಸ್ಯಾಮ್ ನಿಂತಿರುವುದು ಈ ಎರಡು ಚಿನ್ನದ ಓಟಗಳು ಕೂಡುವಲ್ಲಿ: ತಂಡದ ಹೆಸರು ಕ್ಯಾಲಿಫೋರ್ನಿಯಾದ ಗಣಿಗಾರರದ್ದು, ಅವನ ಬಿರುದು ಕ್ಲಾಂಡೈಕಿನವರದ್ದು.

ಇಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರೆಡ್ಡಿಗೆ ಏನೆನ್ನುತ್ತಿದ್ದರು? ಬಹುಕಾಲ ಅದು ಫ್ರೆಂಚ್ ಬ್ರೆಡ್. ಚಿನ್ನದ ಹಿಂದೆ ಬಂದ ಫ್ರೆಂಚರು, ಬಾಸ್ಕರು, ಇಟಾಲಿಯನ್ನರು ತಂತಮ್ಮ ಊರಿನ ಬಗೆಯಲ್ಲಿ ಕಲ್ಲೊಲೆಗಳಲ್ಲಿ ಸುಟ್ಟದ್ದು, ಹೊರಗೆ ಗಟ್ಟಿ, ಒಳಗೆ ಜಿಗುಟು, ಬಾಯಲ್ಲಿ ಹುಳಿ. 1849ರಲ್ಲಿ ಇಸಿದೋರ್ ಬೋಡೀನ್ ಶುರುಮಾಡಿದ ಬೇಕರಿ ಇಂದಿಗೂ ಅದೇ ಹೆಸರಿನಲ್ಲಿದೆ. 1906ರ ಭೂಕಂಪದ ದಿನ ಆ ಮನೆಯ ಲೂಯಿಸ್ ಬೋಡೀನ್ ತಾಯಿಹಿಟ್ಟನ್ನು ಬಕೆಟ್ಟಿನಲ್ಲಿ ಎತ್ತಿಕೊಂಡು ಓಡಿದಳು ಎಂಬ ಕಥೆಯನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಲಾರಬುರು ಬ್ರದರ್ಸ್, ಪ್ಯಾರಿಸಿಯನ್, ಕೊಲಂಬೋ ಎಂಬ ಹೆಸರುಗಳನ್ನು ಹಳಬರು ಇನ್ನೂ ಬಾಯಿ ಚಪ್ಪರಿಸಿಕೊಂಡು ನೆನೆಯುತ್ತಾರೆ. ಲಾರಬುರು 1976ರಲ್ಲಿ ಮುಚ್ಚಿತು, ಪ್ಯಾರಿಸಿಯನ್ 2005ರಲ್ಲಿ. ಕೊಳ್ಳುವವರು ಫ್ರೆಂಚ್ ಬ್ರೆಡ್ ಎಂದರೆ ಹುಳಿಯದು ಬೇಕೋ ಹುಳಿಯಿಲ್ಲದ್ದೋ ಎಂದು ಬಿಡಿಸಿ ಹೇಳಬೇಕಾದಾಗ ಸವರ್‌ಡೋ ಮೊದಲು ವಿಶೇಷಣವಾಗಿ ಬಂತು: ಸವರ್‌ಡೋ ಫ್ರೆಂಚ್ ಬ್ರೆಡ್. ಆಮೇಲೆ ವಿಶೇಷ್ಯ ಕಳಚಿ ಬಿತ್ತು, ವಿಶೇಷಣವೇ ಯಜಮಾನನಾಯಿತು. ನಮ್ಮಲ್ಲಿ ಮಸಾಲೆದೋಸೆ ಹೇಳುವಾಗ ಒಂದು ಮಸಾಲೆ ಎಂದಷ್ಟೇ ಹೇಳಿ ಕೂರುವುದು ಇದೇ ವ್ಯಾಕರಣ.

ತಾಯಿಹಿಟ್ಟು ಎಂದೆ. ಇಂಗ್ಲಿಷರು ಮದರ್ ಎನ್ನುತ್ತಾರೆ, ಇಟಾಲಿಯನ್ನರು ಪಾಸ್ತಾ ಮಾದ್ರೆ, ಫ್ರೆಂಚರಿಗೆ ಅದು ಶೆಫ್, ಎಂದರೆ ಮುಖಂಡ. ಇಂದಿನ ಅಮೆರಿಕದ ಬಾಯಲ್ಲಿ ಸ್ಟಾರ್ಟರ್. ನಮಗೆ ಇದು ಹೆಪ್ಪಲ್ಲದೆ ಬೇರೇನೂ ಅಲ್ಲ: ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ, ಹೆಪ್ಪು ಮುಗಿದರೆ ಪಕ್ಕದ ಮನೆಗೆ ಬಟ್ಟಲು. ಬ್ರೆಡ್ಡಿನ ಮಾತಿನಲ್ಲಿ ಸ್ಟಾರ್ಟರ್ ಎಂದು ಇಂಗ್ಲಿಷ್ ಆಡುವ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದ ಕನ್ನಡಿಗರು ಮನೆಯೊಳಗೆ ಹೆಪ್ಪು ಎಂದರೆ ಯಾರಿಗೂ ಅರ್ಥ ಬಿಡಿಸಬೇಕಾಗಿಲ್ಲ.

ಹುಳಿಯ ಗುಟ್ಟು ಏನೆಂದು ನೋಡಲು ಹೊರಟವರು ಕೊಲ್ಲಿಯ ಆಚೆ ದಡದ ಆಲ್ಬನಿಯಲ್ಲಿರುವ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದ ಕ್ಲೈನ್ ಮತ್ತು ಸುಗಿಹಾರಾ. 1971ರಲ್ಲಿ ಅವರು ಪ್ರಕಟಿಸಿದ ಲೇಖನಗಳು ಈ ಹಿಟ್ಟಿನೊಳಗಿನ ಸಂಸಾರವನ್ನು ಬಿಡಿಸಿಟ್ಟವು. ಅಲ್ಲೊಂದು ಯೀಸ್ಟು, ಅಲ್ಲೊಂದು ಬ್ಯಾಕ್ಟೀರಿಯಾ. ಹಿಟ್ಟಿನ ಪಿಷ್ಟ ಒಡೆದು ಬರುವ ಮಾಲ್ಟೋಸ್ ಎಂಬ ಸಕ್ಕರೆಯನ್ನು ಬ್ಯಾಕ್ಟೀರಿಯಾ ಉಣ್ಣುತ್ತದೆ; ಯೀಸ್ಟು ಅದನ್ನು ಮುಟ್ಟದು, ಬೇರೆ ಸಕ್ಕರೆಗಳ ಮೇಲೆ ಬದುಕುತ್ತದೆ; ಬ್ಯಾಕ್ಟೀರಿಯಾ ಸುರಿಸುವ ಆಮ್ಲದಲ್ಲಿ ಬೇರೆ ಜೀವಿಗಳು ಸೊರಗಿದರೂ ಈ ಯೀಸ್ಟು ಸೊರಗದು. ಪಂಕ್ತಿ ಒಂದು, ಎಲೆ ಬೇರೆ. ಯೀಸ್ಟು ಗಾಳಿ ತುಂಬಿ ಹಿಟ್ಟನ್ನು ಎಬ್ಬಿಸುತ್ತದೆ, ಬ್ಯಾಕ್ಟೀರಿಯಾ ಹಾಲಿನಾಮ್ಲ, ವಿನೆಗರಿನ ಆಮ್ಲಗಳನ್ನು ಕೊಟ್ಟು ಹುಳಿಯೇರಿಸುತ್ತದೆ. ಬ್ಯಾಕ್ಟೀರಿಯಾಕ್ಕೆ ಊರಿನ ಹೆಸರೇ ಬಂತು: ಲ್ಯಾಕ್ಟೊಬ್ಯಾಸಿಲಸ್ ಸ್ಯಾನ್‌ಫ್ರಾನ್ಸಿಸ್ಕೋ. ಲ್ಯಾಟಿನ್ ವ್ಯಾಕರಣಕ್ಕೆ ಹೊಂದುವಂತೆ ತಿದ್ದಿ ಅದನ್ನು ಸ್ಯಾನ್‌ಫ್ರಾನ್ಸಿಸೆನ್ಸಿಸ್ ಮಾಡಿದರು. 2020ರಲ್ಲಿ ಕುಲನಾಮವೂ ಬದಲಾಗಿ ಫ್ರಕ್ಟಿಲ್ಯಾಕ್ಟೊಬ್ಯಾಸಿಲಸ್ ಆಯಿತು. ಕುಲ ಬದಲಾದರೂ ಊರು ಬಿಡಲಿಲ್ಲ.

ಈ ಹೆಸರಿನಿಂದ ಊರಿನವರಿಗೆ ಒಂದು ನಂಬಿಕೆ ಗಟ್ಟಿಯಾಯಿತು: ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಲ್ಲೇ ಆ ಹುಳಿಯಿದೆ, ಬೇರೆಲ್ಲೂ ಆಗದು. ಅದೇ ಬ್ಯಾಕ್ಟೀರಿಯಾ ಆಮೇಲೆ ಇಟಲಿ, ಜರ್ಮನಿ, ಫ್ರಾನ್ಸುಗಳ ಹುಳಿಹಿಟ್ಟುಗಳಲ್ಲೂ ಸಿಕ್ಕಿತು. ನಾಲ್ಕು ಖಂಡಗಳಿಂದ 500 ಸ್ಟಾರ್ಟರುಗಳನ್ನು ತರಿಸಿ ನೋಡಿ 2021ರಲ್ಲಿ ಪ್ರಕಟವಾದ ಅಧ್ಯಯನವು ಹಿಟ್ಟಿನೊಳಗೆ ಯಾರು ವಾಸಿಸುತ್ತಾರೆ ಎಂಬುದಕ್ಕೂ ಅದು ಯಾವ ಊರಿನದು ಎಂಬುದಕ್ಕೂ ದೊಡ್ಡ ಸಂಬಂಧ ಕಾಣಲಿಲ್ಲ ಎಂದಿತು. ಊರಿನ ಹೆಸರು ಹೊತ್ತ ಪದಾರ್ಥಕ್ಕೆ ಊರಿನ ಮಣ್ಣುನೀರಿನ ಗುಣ ಕೊಡುವುದು ನಮಗೂ ಪ್ರಿಯವಾದ ಅಭ್ಯಾಸ. ಆದರೆ ಆ ಊರಿಗೆ ಸಲ್ಲಬೇಕಾದ ಕೀರ್ತಿ ಮಂಜಿನದಲ್ಲ, ಯೀಸ್ಟಿನ ಪೊಟ್ಟಣ ಬಂದ ಮೇಲೂ ಮುದ್ದೆ ಉಳಿಸುವ ಅಭ್ಯಾಸವನ್ನು ಬಿಡದ ಬೇಕರಿಯವರದ್ದು.

ಇಲ್ಲಿ ಪದ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ, ಬ್ರೆಡ್ಡು ಹುಡುಕುವವರು ತಿಳಿದಿರಲೇಬೇಕಾದ ಹೊರಳು ಇದು. ಊರಿನ ಹೆಸರಾಂತ ಬ್ರೆಡ್ಡಿನಲ್ಲಿ ಹುಳಿಯೇ ಎದ್ದು ಕಂಡದ್ದರಿಂದ ಕೊಳ್ಳುವವರು ಹುಳಿಯನ್ನೇ ಗುಣವೆಂದು ತಿಳಿದರು. ತಯಾರಕರು ಯೀಸ್ಟಿನಿಂದ ಬೇಗ ಉಬ್ಬಿಸಿ, ಹುಳಿಗೆಂದು ವಿನೆಗರನ್ನೋ ಒಣಗಿಸಿದ ಹುಳಿಪುಡಿಯನ್ನೋ ಸೇರಿಸಿ, ಸವರ್‌ಡೋ ಎಂದು ಮುದ್ರಿಸಿ ಮಾರುವುದು ನಡೆಯಿತು. ಸಾಧನದ ಹೆಸರು ರುಚಿಯ ಹೆಸರಾಯಿತು. ಇದರ ಎದುರಿಗೆ ಇನ್ನೊಂದು ಹೊಳೆ ಹರಿಯಿತು. ಆಲಿಸ್ ವಾಟರ್ಸ್ 1971ರಲ್ಲಿ ಬರ್ಕಲಿಯಲ್ಲಿ ತೆರೆದ ಶೆ ಪನೀಸ್ ಊಟದ ಮನೆಗೆ ಬ್ರೆಡ್ಡು ಸುಡುತ್ತಿದ್ದ ಸ್ಟೀವ್ ಸಲಿವನ್ 1983ರಲ್ಲಿ ಆಕ್ಮೆ ಬ್ರೆಡ್ ಶುರುಮಾಡಿದರು. 2002ರಲ್ಲಿ ಚಾಡ್ ರಾಬರ್ಟ್‌ಸನ್ ಮತ್ತು ಎಲಿಜಬೆತ್ ಪ್ರೂಯಿಟ್ ಮಿಶನ್ ಬಡಾವಣೆಯಲ್ಲಿ ಗೆರೆರೋ ಮತ್ತು 18ನೆಯ ಬೀದಿಗಳು ಕೂಡುವಲ್ಲಿ ಟಾರ್ಟೀನ್ ತೆರೆದರು. ಇವರಿಗೆ ಹುಳಿಹಿಟ್ಟು ಬೇಕಿತ್ತು, ಹುಳಿ ಅಷ್ಟಾಗಿ ಬೇಕಿರಲಿಲ್ಲ. ಮುದ್ದೆಗೆ ಮೇಲಿಂದ ಮೇಲೆ ಉಣಿಸಿ, ಎಳೆಯದಾಗಿರುವಾಗಲೇ ಬಳಸಿದರೆ ಹಾಲಿನ ಕಂಪಿರುತ್ತದೆ, ವಿನೆಗರಿನ ಚುರುಕಿರುವುದಿಲ್ಲ. ಟಾರ್ಟೀನಿನ ಹೆಸರಾಂತ ಬ್ರೆಡ್ಡು ಪೂರ್ತಿ ಹುಳಿಹಿಟ್ಟಿನಿಂದಲೇ ಎದ್ದದ್ದು; ಅದರ ಹೆಸರು ಮಾತ್ರ ಕಂಟ್ರಿ, ಫ್ರೆಂಚರ ಹಳ್ಳಿ ಬ್ರೆಡ್ಡಾದ ಪ್ಯಾಂ ದ ಕಂಪಾಞದ ಬಳಗದ್ದು. 2010ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ರಾಬರ್ಟ್‌ಸನ್ ಬಗೆದು ಆಡುವ ಪದಗಳು ಸ್ಟಾರ್ಟರ್ ಮತ್ತು ಲೆವನ್: ಸದಾ ಉಳಿಸುವ ಮುದ್ದೆ ಸ್ಟಾರ್ಟರ್, ಅದರಿಂದ ಒಂದು ಚೂರು ತೆಗೆದು ನಾಳೆಯ ಬ್ರೆಡ್ಡಿಗೆಂದು ರಾತ್ರಿ ಕಲಸಿಡುವುದು ಲೆವನ್. ಟಿಂಡೇಲನ ಪದ ಹೀಗೆ ಬೇಕರಿಯ ಒಳಕೋಣೆಯಲ್ಲಿ ಹೊಸ ಕೆಲಸ ಹಿಡಿಯಿತು. ಆ ಊರಿನಲ್ಲಿ ಸವರ್‌ಡೋ ಎಂದು ದೊಡ್ಡದಾಗಿ ಬರೆದಲ್ಲೆಲ್ಲ ಹುಳಿಹಿಟ್ಟು ಇರದೆ, ಬರೆಯದ ಕಡೆ ಇರುವುದೂ ಉಂಟು ಎಂಬುದು ಇದರಿಂದಲೇ.

ಫ್ರೆಂಚರು ಪದವನ್ನು ಹೀಗೆ ಅಲೆಯಲು ಬಿಡಲಿಲ್ಲ. 1993ರ ಸೆಪ್ಟೆಂಬರಿನಲ್ಲಿ ಹೊರಟ ಬ್ರೆಡ್ಡಿನ ಸರ್ಕಾರಿ ಆದೇಶ ಪ್ಯಾಂ ಓ ಲೆವ್ಯಾಂ, ಎಂದರೆ ಲೆವ್ಯಾಂ ಬ್ರೆಡ್ಡು, ಎಂದು ಕರೆಸಿಕೊಳ್ಳಲು ಬ್ರೆಡ್ಡಿನ ಪಿಎಚ್ 4.3ನ್ನು ಮೀರಬಾರದು, ತಿರುಳಿನಲ್ಲಿ ತಾನಾಗಿ ಹುಟ್ಟಿದ ಅಸಿಟಿಕ್ ಆಮ್ಲ ಹತ್ತು ಲಕ್ಷಕ್ಕೆ 900 ಭಾಗವಾದರೂ ಇರಬೇಕು ಎಂದು ಗೆರೆ ಎಳೆದಿತು. ತಾನಾಗಿ ಹುಟ್ಟಿದ ಎಂಬ ಆ ವಿಶೇಷಣವನ್ನು ನೋಡಿ: ಹೊರಗಿನಿಂದ ಸುರಿದದ್ದು ಲೆಕ್ಕಕ್ಕಿಲ್ಲ. ಅಮೆರಿಕದ ಆಹಾರ ಕಾನೂನಿನಲ್ಲಿ ಸವರ್‌ಡೋಗೆ ಇಂಥ ಗೆರೆಯಿಲ್ಲ. ಹಾಗಾಗಿ ಅಲ್ಲಿ ಬ್ರೆಡ್ಡು ಕೊಳ್ಳುವವರು ಚೀಟಿಯ ಹಿಂಬದಿ ಓದಬೇಕು. ಹಿಟ್ಟು, ನೀರು, ಉಪ್ಪು ಎಂಬ ಮೂರೇ ಇದ್ದರೆ ಹುಳಿಹಿಟ್ಟಿನ ಹೊರತು ಅದನ್ನು ಎಬ್ಬಿಸುವವರು ಇಲ್ಲ. ಯೀಸ್ಟು, ವಿನೆಗರ್, ಸಕ್ಕರೆ, ಎಣ್ಣೆ ಎಂದು ಸಾಲು ಬೆಳೆದಂತೆ ಪದಕ್ಕೂ ವಸ್ತುವಿಗೂ ನಡುವೆ ದೂರ ಬೆಳೆಯುತ್ತದೆ. ಫೆರ್ರಿ ಕಟ್ಟಡದೊಳಗಿನ ಆಕ್ಮೆಯ ಮಳಿಗೆಯಲ್ಲೋ, ಗೆರೆರೋ ಬೀದಿಯಲ್ಲೋ, ಡಿವಿಸಡೆರೋ ಬೀದಿಯ ದ ಮಿಲ್ ಬೇಕರಿಯಲ್ಲೋ ನಿಂತಾಗ ಕೇಳಬೇಕಾದ ಪ್ರಶ್ನೆ ಇದು ಸವರ್‌ಡೋನಾ ಎಂಬುದಲ್ಲ. ಯಾವುದರಿಂದ ಎದ್ದಿತು, ಎಷ್ಟು ಹೊತ್ತು ಎದ್ದಿತು ಎಂಬುದು.

ಎಷ್ಟು ಹೊತ್ತು ಎಂಬುದಕ್ಕೂ ಗಟ್ಟಿ ಹೊರಮೈಗೂ ನೇರ ಸಂಬಂಧವಿದೆ. ರಾತ್ರಿಯಿಡೀ ತಣ್ಣಗೆ ಹುದುಗಿದ ಹಿಟ್ಟಿನಲ್ಲಿ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ, ಪ್ರೋಟೀನನ್ನು ಅಮೈನೋ ಆಮ್ಲವಾಗಿ ಒಡೆದಿಟ್ಟಿರುತ್ತವೆ. ಒಲೆಯ ಬಿಸಿಯಲ್ಲಿ ಇವೆರಡೂ ಕೂಡಿದಾಗ ಕಂದುಬಣ್ಣ ಮತ್ತು ಹುರಿದ ಕಂಪು ಹುಟ್ಟುತ್ತವೆ, 1912ರಲ್ಲಿ ಲೂಯಿ ಕಮೀಯ್ ಮಾಯಾರ್ ವಿವರಿಸಿದ ಕ್ರಿಯೆ ಇದು. ಸುಡುವ ಮೊದಲ ಹೊತ್ತಿನಲ್ಲಿ ಒಲೆಯೊಳಗೆ ಹಬೆ ತುಂಬಿರಬೇಕು; ಮೇಲ್ಮೈ ಒದ್ದೆಯಾಗಿದ್ದರೆ ಹಿಟ್ಟು ಇನ್ನೂ ಉಬ್ಬಬಲ್ಲದು, ಮೇಲಿನ ಪಿಷ್ಟ ಗಂಜಿಯಾಗಿ ಆಮೇಲೆ ಗಾಜಿನಂತೆ ಗಟ್ಟಿಯಾಗುತ್ತದೆ. ಹಾಗೆ ಸುಟ್ಟ ಒಂದು ಗುಂಡು ಬ್ರೆಡ್ಡನ್ನು ಹತ್ತಿರದಿಂದ ನೋಡಿ: ಬ್ಲೇಡಿನಿಂದ ಗೀರಿದ ಕಡೆ ಒಂದು ಅಂಚು ಸೆಟೆದು ಮೇಲೆದ್ದಿದೆ, ಬೇಕರಿಯವರು ಅದನ್ನು ಕಿವಿ ಎನ್ನುತ್ತಾರೆ, ಆ ಕಿವಿಯ ತುದಿ ಕಾಫಿಬೀಜದಷ್ಟು ಕಪ್ಪು, ಗೀರಿನೊಳಗಿನ ಎಳೆಜಾಗ ಮಾತ್ರ ಜೇನಿನ ಬಣ್ಣ, ಮೈತುಂಬ ಸಾಸಿವೆ ಗಾತ್ರದ ಗುಳ್ಳೆಗಳು, ಒಲೆಯಿಂದ ತೆಗೆದ ಕೂಡಲೇ ಹೊರಮೈ ಕುಗ್ಗಿ ಚಿಟಚಿಟ ಸದ್ದು, ಫ್ರೆಂಚರು ಬ್ರೆಡ್ಡು ಹಾಡುತ್ತಿದೆ ಎನ್ನುವುದು ಅದಕ್ಕೇ. ತಳವನ್ನು ಬೆರಳಗಣ್ಣಿನಿಂದ ತಟ್ಟಿದರೆ ಟೊಳ್ಳು ನಾದ. ಕೊಯ್ದರೆ ಒಳಗೆ ಸಮವಲ್ಲದ ತೂತುಗಳು, ತೂತಿನ ಗೋಡೆಗಳಲ್ಲಿ ಬೇಯಿಸಿದ ಪಿಷ್ಟದ ತೆಳು ಹೊಳಪು. ಕಾಗದದ ಚೀಲದಲ್ಲಿ ಇದು ಸಂಜೆಯವರೆಗೆ ಗಟ್ಟಿಯಾಗಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಒಳಗಿನ ತೇವ ಹೊರಬಂದು ಗಂಟೆಗಳಲ್ಲಿ ತೊಗಲಿನಂತೆ ಬಾಗುತ್ತದೆ. ಪ್ಲಾಸ್ಟಿಕ್ ಚೀಲದ ಬ್ರೆಡ್ಡಿನ ಮೇಲೆ ಯಾವ ಪದ ಬರೆದಿದ್ದರೂ ಗಟ್ಟಿ ಹೊರಮೈ ಸಿಗದು.

ನಮ್ಮ ಕಡೆಯಿಂದ ಹೋದವರಿಗೆ ಈ ಗಟ್ಟಿತನ ಮೊದಮೊದಲು ಒಗ್ಗದು, ಅದಕ್ಕೆ ಕಾರಣವೂ ಪದಗಳಲ್ಲೇ ಇದೆ. ಬ್ರೆಡ್ಡು ಎಂದರೆ ನಮ್ಮಲ್ಲಿ ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವುದು, ಅಯ್ಯಂಗಾರ್ ಬೇಕರಿಯ ಸಿಹಿಬನ್ನಿನ ನೆರೆಯವನು. ಕಲ್ಯಾಣ ಕರ್ನಾಟಕದ ಡಬಲ್ ರೋಟಿಯೂ ಉಬ್ಬಿ ಮೆತ್ತಗಾದದ್ದೇ. ಕರಾವಳಿಯವರಿಗೆ ಮಾತ್ರ ಬೇರೆ ದಾರಿಯಿತ್ತು: ಲ್ಯಾಟಿನ್ನಿನ ಪಾನಿಸ್ ಪೋರ್ಚುಗೀಸರಲ್ಲಿ ಪಾಂವ್ ಆಗಿ ಗೋವೆಗೆ ಬಂದು, ಪಾವ್ ಆಗಿ ಕೊಂಕಣಿಗರ ಕೈಗೆ ಸಿಕ್ಕಿ, ಹೆಂಡದ ಹುಳಿಯಿಂದ ಉಬ್ಬಿ, ಸೌದೆಯ ಒಲೆಯಲ್ಲಿ ಗರಿಗಟ್ಟಿತು. ಆ ಪಾನಿಸಿನಿಂದಲೇ ಒಟ್ಟಿಗೆ ಬ್ರೆಡ್ಡು ಮುರಿದು ತಿನ್ನುವವನು ಕಂಪ್ಯಾನಿಯನ್, ಅಂಥವರ ಗುಂಪು ಕಂಪನಿ, ಅದು ಕನ್ನಡ ನಾಡಿಗೆ ಆಳಲು ಬಂದಾಗ ನಮ್ಮ ಲಾವಣಿಕಾರರ ಬಾಯಲ್ಲಿ ಕುಂಪಣಿ. ಒಂದೇ ಬ್ರೆಡ್ಡಿನ ಪದ ಕರಾವಳಿಯಲ್ಲಿ ತಿಂಡಿಯಾಗಿ, ಬಯಲುಸೀಮೆಯಲ್ಲಿ ಸರ್ಕಾರವಾಗಿ ಇಳಿಯಿತು.

ಇನ್ನು ಹೊರಮೈಗೆ ಕನ್ನಡದಲ್ಲಿ ಏನೆನ್ನೋಣ ಎಂಬುದು. ಕ್ರಸ್ಟ್ ಎಂಬ ಇಂಗ್ಲಿಷು ಲ್ಯಾಟಿನ್ನಿನ ಕ್ರುಸ್ತಾ, ಗಟ್ಟಿಗಟ್ಟಿದ ಮೇಲ್ಪದರ. ಫ್ರೆಂಚರಲ್ಲಿ ಅದು ಕ್ರೂತ್, ಸಾರಿನ ಮೇಲೆ ತೇಲುವ ಕ್ರೂತೋಂ ಅದರ ಚಿಕ್ಕ ರೂಪ, ಏನಾದರೂ ಒಂದಿಷ್ಟು ತಿನ್ನುವುದಕ್ಕೆ ಅವರು ಕ್ರೂತ್ ಮುರಿಯುವುದು ಎನ್ನುತ್ತಾರೆ. ಕನ್ನಡದಲ್ಲಿ ಸಿಪ್ಪೆ ಎಂದರೆ ಸುಲಿದು ಎಸೆಯುವುದು. ಇಲ್ಲಿ ಎಸೆಯುವುದಿರಲಿ, ರುಚಿಯ ಮುಕ್ಕಾಲು ಪಾಲು ಅಲ್ಲೇ ಇದೆ. ಹಕ್ಕಳೆ ಎಂದರೆ ಗಾಯದ ಮೇಲಿನದು ನೆನಪಾಗುತ್ತದೆ. ಸೀಕಲು ಪಾತ್ರೆಯ ತಳ ಹಿಡಿದದ್ದು, ಮಕ್ಕಳಿಗೆ ಪ್ರಿಯವಾದರೂ ಅಡುಗೆಯವರ ಪಾಲಿಗೆ ತಪ್ಪು. ಹೊರಪದರ ಪಾಠಪುಸ್ತಕದ ಮಾತು, ಭೂಮಿಗೆ ಸಲ್ಲುತ್ತದೆ. ನನ್ನ ಒಲವು ತೊಗಟೆಯ ಕಡೆಗೆ. ಮರದ ತೊಗಟೆ ಒಳಗಿನ ಜೀವ ಬೆಳೆದಂತೆ ತಾನೂ ಬಿರಿಯುತ್ತದೆ, ಒರಟಾಗುತ್ತದೆ, ಗೀರುಗೀರಾಗಿ ಬಣ್ಣ ತಿರುಗುತ್ತದೆ. ಚೆಕ್ಕೆಯಂಥ ತೊಗಟೆಗಳನ್ನು ನಾವು ರುಚಿಗೆಂದೇ ಅಡುಗೆಗೆ ಹಾಕುತ್ತೇವೆ. ಒಳಗಿನದಕ್ಕೆ ತಿರುಳು ಎಂಬ ಪದ ಮೊದಲಿನಿಂದಲೂ ಇದೆ, ಎರಡೂ ಜೋಡಿಯಾಗಿ ನಿಲ್ಲುತ್ತವೆ. ಬೇ ಏರಿಯಾದ ಬೇಕರಿಗೆ ಹೋಗುವ ಕನ್ನಡದ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ತೊಗಟೆ ಚೆನ್ನಾಗಿ ಕಪ್ಪಾದದ್ದನ್ನು ಕೇಳಿ ತೆಗೆದುಕೊಳ್ಳಿ, ಇಡಿಯಾಗಿ ಕೊಳ್ಳಿ, ಹೋಳು ಮಾಡಿಸಬೇಡಿ, ಮರುದಿನ ತೊಗಟೆ ಮೆತ್ತಗಾದರೆ ಬಿಸಿ ಒಲೆಯಲ್ಲಿ ಸ್ವಲ್ಪ ಹೊತ್ತು ಬರೀ ಬ್ರೆಡ್ಡನ್ನೇ ಇಟ್ಟು ತೆಗೆಯಿರಿ, ಮತ್ತೆ ಗರಿಗಟ್ಟುತ್ತದೆ.